ಮೊಬೈಲ್‌ನಲ್ಲಿ ಸರಾಗ, ಎಡಿಟಿಂಗ್‌ನಲ್ಲಿ ತಡವರಿಕೆ: ವಿಡಿಯೊ ತೊಡರುವುದೇಕೆ?

ಅಕ್ಕನ ಮಗಳ ರಂಗಪ್ರವೇಶ ಮುಗಿದ ಮರುದಿನ, ಮೂರು ಮೊಬೈಲ್‌ಗಳಲ್ಲಿ ಸೆರೆಹಿಡಿದ ಎರಡೂವರೆ ಗಂಟೆಯ ನೃತ್ಯವನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು ಎಡಿಟಿಂಗ್‌ಗೆ ಕುಳಿತೆ. ಮೊಬೈಲ್ ಪರದೆಯಲ್ಲಿ ನೀರು ಹರಿದಂತೆ ಸಾಗಿದ್ದ ವರ್ಣ (ಭರತನಾಟ್ಯದ ಒಂದು ನೃತ್ಯಬಂಧ), ಎಡಿಟಿಂಗ್ ತಂತ್ರಾಂಶದಲ್ಲಿ ತುಣುಕುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್‌ಗೆ ಬಂದ ಕೂಡಲೇ ಕುಂಟತೊಡಗಿತು. ನಟ್ಟುವಾಂಗದ ತಾಳ ಒಂದು ಪೆಟ್ಟೂ ತಪ್ಪದೆ ಕೇಳುತ್ತಿತ್ತು. ಹುಡುಗಿಯ ಪಾದ ಮಾತ್ರ ಎತ್ತಿದಲ್ಲೇ ನಿಂತು, ಮರುಕ್ಷಣ ಎರಡು ಹೆಜ್ಜೆ ಆಚೆ ಕಾಣಿಸಿಕೊಳ್ಳುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದ ಅಕ್ಕನ ಮುಖ ಸಣ್ಣದಾಯಿತು. "ರೆಕಾರ್ಡಿಂಗೇ ಹಾಳಾಗಿದೆಯೇನೋ?" ಎಂದು ಕೇಳಿದಳು.

ಹಾಳಾಗಿರಲಿಲ್ಲ. ಕಂಪ್ಯೂಟರ್ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಲ್ಯಾಪ್‌ಟಾಪ್ ಬದಲಾಯಿಸುವುದೇ ದಾರಿ ಎಂದರು. ಅದರ ಅಗತ್ಯವೂ ಬೀಳಲಿಲ್ಲ. ಒಂದು ರಾತ್ರಿ ಕಂಪ್ಯೂಟರನ್ನು ಅದರ ಪಾಡಿಗೆ ಒಂದು ಕೆಲಸಕ್ಕೆ ಹಚ್ಚಿ ಮಲಗಿದೆ; ಬೆಳಿಗ್ಗೆ ಅದೇ ಲ್ಯಾಪ್‌ಟಾಪ್‌ನಲ್ಲಿ ಅದೇ ವರ್ಣ ಒಂದು ಹೆಜ್ಜೆಯೂ ತಪ್ಪದೆ ಓಡಿತು. ಆ ಕೆಲಸ ಯಾವುದು ಎನ್ನುವುದಕ್ಕೆ ಮುಂದೆ ಬರುತ್ತೇನೆ.

ಈಗಿನ ಸಾಧಾರಣ ಮೊಬೈಲ್ ಕೂಡ 4ಕೆ ವಿಡಿಯೊ ತೆಗೆಯುತ್ತದೆ. ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವ, ಊರ ಜಾತ್ರೆ ಎಲ್ಲದರ ದೃಶ್ಯಗಳೂ ನಮ್ಮ ಕೈಯಲ್ಲೇ ಇವೆ. ಅವುಗಳನ್ನು ಜೋಡಿಸಲು ಹೊರಟವರು ಮೊದಲ ದಿನವೇ ಎದುರಿಸುವ ತೊಂದರೆ ಇದು: ಪ್ಲೇ ಒತ್ತಿದರೆ ವಿಡಿಯೊ ಜರ್ಕ್ ಹೊಡೆಯುತ್ತದೆ. ಕಾರಣ ತಿಳಿಯದೆ ಹಣ ಸುರಿಯುವವರನ್ನೂ, ಕೆಲಸವನ್ನೇ ಕೈಬಿಡುವವರನ್ನೂ ನಾನು ಕಂಡಿದ್ದೇನೆ. ಎರಡೂ ಬೇಸರದ ಸಂಗತಿ, ಏಕೆಂದರೆ ಬಹುಪಾಲು ಸಂದರ್ಭಗಳಲ್ಲಿ ಪರಿಹಾರಕ್ಕೆ ದುಡ್ಡು ಬೇಕಿಲ್ಲ.

ಒಂದು ಸೆಕೆಂಡಿನೊಳಗೆ ನಡೆಯುವುದು

ವಿಡಿಯೊ ಎಂದರೆ ಒಂದರ ಹಿಂದೊಂದು ತೋರಿಸುವ ಸ್ಥಿರಚಿತ್ರಗಳ ಸಾಲು. ಆ ಒಂದೊಂದು ಚಿತ್ರವೇ ಫ್ರೇಮ್. ಮೊಬೈಲ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಅಥವಾ 60 ಫ್ರೇಮ್ ತೆಗೆಯುತ್ತವೆ. 30 ಎಂದಾದರೆ ಒಂದು ಫ್ರೇಮನ್ನು ಸಿದ್ಧಪಡಿಸಿ ಪರದೆಗೆ ತರಲು ಕಂಪ್ಯೂಟರ್‌ಗೆ ಸಿಗುವ ಸಮಯ ಸುಮಾರು 33 ಮಿಲಿಸೆಕೆಂಡ್. 60 ಎಂದಾದರೆ 17ಕ್ಕೂ ಕಡಿಮೆ. ಒಂದು ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ.

ಇಷ್ಟು ಅವಧಿಯಲ್ಲಿ ನಾಲ್ಕು ಕೆಲಸ ಮುಗಿಯಬೇಕು. ಡಿಸ್ಕ್‌ನಿಂದ ಮಾಹಿತಿಯನ್ನು ಓದಬೇಕು, ಸಂಕುಚಿತವಾಗಿರುವ ಅದನ್ನು ಬಿಚ್ಚಿ ಪೂರ್ಣ ಚಿತ್ರವಾಗಿಸಬೇಕು, ನಾವು ಹಾಕಿದ ಬಣ್ಣ, ಅಕ್ಷರ, ಎಫೆಕ್ಟ್‌ಗಳನ್ನು ಅದರ ಮೇಲೆ ಹಚ್ಚಬೇಕು, ಕೊನೆಗೆ ಪರದೆಗೆ ಕಳಿಸಬೇಕು. ಮದುವೆಮನೆಯ ಪಂಕ್ತಿಯಲ್ಲಿ ಊಟ ಬಡಿಸುವ ಕ್ರಮವನ್ನು ನೆನಪಿಸಿಕೊಳ್ಳಿ. ಉಗ್ರಾಣದಿಂದ ಸಾಮಾನು ತರುವವರು, ಅಡುಗೆ ಮಾಡುವವರು, ಪಾತ್ರೆಗೆ ತುಂಬಿಕೊಡುವವರು, ಎಲೆಗೆ ಬಡಿಸುವವರು, ಇವರಲ್ಲಿ ಯಾರೊಬ್ಬರು ನಿಧಾನವಾದರೂ ಎಲೆಯ ಮುಂದೆ ಕುಳಿತವರು ಕಾಯಬೇಕಾಗುತ್ತದೆ. ಬಡಿಸುವವರ ಸಂಖ್ಯೆ ಹೆಚ್ಚಿಸಿದರೆ ಅಡುಗೆಮನೆಯ ವಿಳಂಬ ಸರಿಹೋಗುವುದಿಲ್ಲ. ವಿಡಿಯೊ ತೊಡರಿದಾಗಲೂ ಮೊದಲ ಪ್ರಶ್ನೆ ಇದೇ: ನಾಲ್ವರಲ್ಲಿ ತಡಮಾಡುತ್ತಿರುವವರು ಯಾರು?

ಹಾಗಿದ್ದರೆ ತಾಳ ಮಾತ್ರ ಏಕೆ ತಪ್ಪಲಿಲ್ಲ? ಚಿತ್ರಕ್ಕೆ ಹೋಲಿಸಿದರೆ ಧ್ವನಿಯ ಮಾಹಿತಿ ತೀರಾ ಕಡಿಮೆ; ಅದನ್ನು ನುಡಿಸುವುದು ಕಂಪ್ಯೂಟರ್‌ಗೆ ಭಾರವೇ ಅಲ್ಲ. ಜೊತೆಗೆ, ಧ್ವನಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕಿವಿ ಅದನ್ನು ಹಿಡಿದುಬಿಡುತ್ತದೆ. ಆದ್ದರಿಂದ ತಂತ್ರಾಂಶಗಳು ಧ್ವನಿಯನ್ನೇ ಗಡಿಯಾರವಾಗಿ ಇಟ್ಟುಕೊಳ್ಳುತ್ತವೆ. ಹೊತ್ತಿಗೆ ಸರಿಯಾಗಿ ಸಿದ್ಧವಾಗದ ಫ್ರೇಮನ್ನು ಬಿಟ್ಟುಬಿಟ್ಟು, ಧ್ವನಿ ಎಲ್ಲಿದೆಯೋ ಅಲ್ಲಿಗೆ ನೆಗೆಯುತ್ತವೆ. ನಮ್ಮ ಕಣ್ಣಿಗೆ ಕಾಣುವ ಜರ್ಕ್ ಎಂದರೆ ಹೀಗೆ ಬಿಟ್ಟುಹೋದ ಫ್ರೇಮ್‌ಗಳ ಜಾಗ.

ಇದರಿಂದ ಒಂದು ಸಮಾಧಾನದ ಸಂಗತಿಯೂ ಹೊರಡುತ್ತದೆ. ಎಡಿಟಿಂಗ್ ಮುಗಿಸಿ ಅಂತಿಮ ಫೈಲ್ ತಯಾರಿಸುವಾಗ, ಅಂದರೆ ಎಕ್ಸ್‌ಪೋರ್ಟ್ ಮಾಡುವಾಗ, ಈ 33 ಮಿಲಿಸೆಕೆಂಡ್‌ಗಳ ಗಡುವು ಇರುವುದಿಲ್ಲ. ಒಂದು ಫ್ರೇಮ್‌ಗೆ ಅರ್ಧ ಸೆಕೆಂಡ್ ಹಿಡಿದರೂ ತಂತ್ರಾಂಶ ಕಾದು, ಅದನ್ನು ಮುಗಿಸಿಯೇ ಮುಂದೆ ಹೋಗುತ್ತದೆ. ಹೀಗಾಗಿ ಎಡಿಟಿಂಗ್ ವೇಳೆ ಕುಂಟಿದ ವಿಡಿಯೊ, ಎಕ್ಸ್‌ಪೋರ್ಟ್ ಆದ ಮೇಲೆ ಸರಾಗವಾಗಿ ಓಡುವುದೇ ಹೆಚ್ಚು. ಗಾಬರಿಯಾಗುವ ಮೊದಲು ಹತ್ತು ಸೆಕೆಂಡಿನ ತುಣುಕೊಂದನ್ನು ಎಕ್ಸ್‌ಪೋರ್ಟ್ ಮಾಡಿ ನೋಡಿ. ಅಕ್ಕನ ಆತಂಕ ಇಳಿದದ್ದು ಹಾಗೆಯೇ.

ಹಾಲಿನ ಲೆಕ್ಕದ ಕ್ಯಾಲೆಂಡರ್

ನಾಲ್ಕು ಕೆಲಸಗಳಲ್ಲಿ ಮನೆಯ ವಿಡಿಯೊಗಳ ಮಟ್ಟಿಗೆ ಹೆಚ್ಚಾಗಿ ತಡವಾಗುವುದು ಎರಡನೆಯದರಲ್ಲಿ, ಬಿಚ್ಚುವುದರಲ್ಲಿ. ಏಕೆಂದು ತಿಳಿಯಲು ವಿಡಿಯೊವನ್ನು ಮಡಚಿಡುವ ಬಗೆಯನ್ನು ಅರಿಯಬೇಕು.

4ಕೆ ಫ್ರೇಮ್ ಒಂದರಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆಗಳಿರುತ್ತವೆ; ಒಟ್ಟು 83 ಲಕ್ಷದಷ್ಟು. ಚುಕ್ಕೆಯೊಂದರ ಬಣ್ಣಕ್ಕೆ 3 ಬೈಟ್ ಎಂದು ಹಿಡಿದರೂ ಒಂದು ಫ್ರೇಮ್‌ಗೆ ಸುಮಾರು 25 ಎಂಬಿ. ಸೆಕೆಂಡಿಗೆ 60 ಫ್ರೇಮ್ ಎಂದರೆ 1,490 ಎಂಬಿ. ಇದನ್ನು ಹಾಗೆಯೇ ಉಳಿಸಿದರೆ 128 ಜಿಬಿಯ ಮೊಬೈಲ್ ಒಂದೂವರೆ ನಿಮಿಷದೊಳಗೆ ತುಂಬಿಹೋಗುತ್ತದೆ. ಆದರೆ ಐಫೋನ್ 4ಕೆ, 60 ಫ್ರೇಮ್‌ಗಳ ವಿಡಿಯೊವನ್ನು ಒಂದು ನಿಮಿಷಕ್ಕೆ ಸುಮಾರು 400 ಎಂಬಿಯಲ್ಲಿ ಉಳಿಸುತ್ತದೆ. ಸೆಕೆಂಡಿಗೆ 7 ಎಂಬಿಗೂ ಕಡಿಮೆ. ಇನ್ನೂರು ಪಟ್ಟಿಗೂ ಮಿಗಿಲಾಗಿ ಹಿಂಡಿದಂತಾಯಿತು. ಹೀಗೆ ಹಿಂಡುವ ಮತ್ತು ಮತ್ತೆ ಬಿಚ್ಚುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ನಮ್ಮ ಮೊಬೈಲ್‌ಗಳಲ್ಲಿರುವುದು ಮುಖ್ಯವಾಗಿ ಎರಡು: 2003ರಲ್ಲಿ ಬಂದ ಎಚ್.264, ಮತ್ತು 2013ರಲ್ಲಿ ಬಂದ ಎಚ್.265. ಎರಡನೆಯದಕ್ಕೆ ಎಚ್‌ಇವಿಸಿ ಎಂಬ ಹೆಸರೂ ಇದೆ. ಅದೇ ಗುಣಮಟ್ಟವನ್ನು ಸರಿಸುಮಾರು ಅರ್ಧ ಗಾತ್ರದಲ್ಲಿ ಕೊಡುವುದು ಅದರ ಹೆಚ್ಚುಗಾರಿಕೆ.

ಹಿಂಡುವುದು ಹೇಗೆ? ನಮ್ಮ ಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುವ ರೂಢಿ ಇತ್ತು. ಒಂದನೇ ತಾರೀಖಿನ ಚೌಕದಲ್ಲಿ ಅಮ್ಮ "1 ಲೀಟರ್" ಎಂದು ಬರೆಯುತ್ತಿದ್ದರು. ಆಮೇಲೆ ದಿನವೂ ಬರೆಯುತ್ತಿರಲಿಲ್ಲ. ನೆಂಟರು ಬಂದ ದಿನ "ಅರ್ಧ ಹೆಚ್ಚು", ಅವರು ಹೊರಟ ದಿನ "ಅರ್ಧ ಕಡಿಮೆ", ಅಷ್ಟೇ. ಬರವಣಿಗೆ ಬಹಳ ಉಳಿಯಿತು. ಆದರೆ 17ನೇ ತಾರೀಖು ಎಷ್ಟು ಹಾಲು ಬಂತು ಎಂದು ಯಾರಾದರೂ ಕೇಳಿದರೆ 17ರ ಚೌಕವೊಂದನ್ನೇ ನೋಡಿ ಉತ್ತರ ಹೇಳಲಾಗದು. ಒಂದನೇ ತಾರೀಖಿಗೆ ಹೋಗಿ, ಅಲ್ಲಿಂದ ಆದ ಬದಲಾವಣೆಗಳನ್ನೆಲ್ಲ ಕೂಡಿ ಕಳೆಯುತ್ತ 17ಕ್ಕೆ ಬರಬೇಕು.

ಎಚ್.264 ಮತ್ತು ಎಚ್.265 ಮಾಡುವುದೂ ಇದನ್ನೇ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರವನ್ನು ಬರೆದಿಡುತ್ತವೆ. ಇದಕ್ಕೆ ಐ-ಫ್ರೇಮ್ ಎಂದು ಹೆಸರು. ನಂತರದ ಫ್ರೇಮ್‌ಗಳಲ್ಲಿ ಹಿಂದಿನದಕ್ಕಿಂತ ಏನು ಬದಲಾಗಿದೆ ಎಂಬುದನ್ನಷ್ಟೇ ಬರೆಯುತ್ತವೆ. ವೇದಿಕೆಯ ಹಿಂದಿನ ಪರದೆ, ದೀಪದ ಕಂಬ, ನಟರಾಜನ ವಿಗ್ರಹ ಯಾವುದೂ ಅಲುಗುವುದಿಲ್ಲ; ಅವುಗಳನ್ನು ಮತ್ತೆ ಮತ್ತೆ ಬರೆಯುವುದೇಕೆ? ಹುಡುಗಿಯ ಕೈ ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಬರೆದರೆ ಸಾಕು. ಕೆಲವು ಫ್ರೇಮ್‌ಗಳಂತೂ ಹಿಂದಿನ ಫ್ರೇಮನ್ನಷ್ಟೇ ಅಲ್ಲ, ಮುಂದೆ ಬರಲಿರುವ ಫ್ರೇಮನ್ನೂ ಆಧರಿಸಿರುತ್ತವೆ. ಅವುಗಳನ್ನು ಬಿಡಿಸಲು ನಾಳೆಯ ಲೆಕ್ಕವನ್ನು ಮೊದಲು ಮಾಡಿ ಇಂದಿಗೆ ಮರಳಬೇಕು.

ಪ್ಲೇಯರ್‌ನಲ್ಲಿ ಓಡಿದ್ದು ಟೈಮ್‌ಲೈನ್‌ನಲ್ಲಿ ಓಡದಿರುವುದು

ಅದೇ ಫೈಲ್ ವಿಎಲ್‌ಸಿ ಪ್ಲೇಯರ್‌ನಲ್ಲಿ ಚೆನ್ನಾಗಿಯೇ ಓಡುತ್ತದಲ್ಲ ಎಂಬುದು ಬಹಳ ಜನ ಕೇಳುವ ಪ್ರಶ್ನೆ. ಓಡುತ್ತದೆ, ಏಕೆಂದರೆ ಪ್ಲೇಯರ್ ಒಂದನೇ ತಾರೀಖಿನಿಂದ ಹೊರಟು ಮೂವತ್ತರವರೆಗೆ ನೇರ ನಡೆಯುತ್ತದೆ. ಮುಂದಿನದೇನು ಎಂಬುದು ಅದಕ್ಕೆ ಮೊದಲೇ ಗೊತ್ತು. ಹಿಂಡಿದ ವಿಡಿಯೊ ಬಿಚ್ಚಲೆಂದೇ ಮೀಸಲಾದ ಸಣ್ಣ ಯಂತ್ರಾಂಶವೊಂದು ಈಗಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್‌ಗಳಲ್ಲಿ ಇರುತ್ತದೆ. ಪ್ಲೇಯರ್ ಅದರ ನೆರವನ್ನೂ ಪಡೆಯುತ್ತದೆ. ಮೊಬೈಲ್‌ನಲ್ಲಿ ಸರಾಗವಾಗಿ ಕಾಣುವುದೂ ಇಂಥದೇ ಚಿಪ್‌ನಿಂದ.

ಎಡಿಟಿಂಗ್‌ನಲ್ಲಿ ನಾವು ಹಾಗೆ ನೇರ ನಡೆಯುವುದಿಲ್ಲ. ಇಲ್ಲಿ ಕತ್ತರಿಸುತ್ತೇವೆ, ಅಲ್ಲಿ ಅಂಟಿಸುತ್ತೇವೆ, ಹಿಂದಕ್ಕೆ ಎಳೆಯುತ್ತೇವೆ, ನಡುವಿನ ಒಂದೇ ಒಂದು ಫ್ರೇಮಿಗಾಗಿ ತಡಕಾಡುತ್ತೇವೆ. ಪ್ರತಿ ಕಟ್ ಕೂಡ ಕ್ಯಾಲೆಂಡರ್‌ನ 17ನೇ ಚೌಕಕ್ಕೆ ನೆಗೆದಂತೆ. ಕಂಪ್ಯೂಟರ್ ಹಿಂದಿನ ಐ-ಫ್ರೇಮ್‌ಗೆ ಓಡಿ ಹೋಗಿ, ಅಲ್ಲಿಂದ ಲೆಕ್ಕ ಹಾಕುತ್ತ ಬರಬೇಕು. ವಿಡಿಯೊವನ್ನು ಹಿಮ್ಮುಖವಾಗಿ ಓಡಿಸಿದರೆ ಈ ಓಟವೇ ಮತ್ತೆ ಮತ್ತೆ ನಡೆಯುತ್ತದೆ. ಮುಂದಕ್ಕೆ ಸರಿಯಾಗಿದ್ದು ಹಿಂದಕ್ಕೆ ಎಳೆದಾಗ ಮಾತ್ರ ಸಿಕ್ಕಿಹಾಕಿಕೊಂಡರೆ ಕಾರಣ ಇದೇ ಎಂದು ಧೈರ್ಯವಾಗಿ ಹೇಳಬಹುದು. ಮೂರು ಮೊಬೈಲ್‌ಗಳ ದೃಶ್ಯವನ್ನು ಒಂದರ ಮೇಲೊಂದು ಇಟ್ಟು ಆಯ್ದುಕೊಳ್ಳುವಾಗ ಮೂರು ಕ್ಯಾಲೆಂಡರ್‌ಗಳ ಲೆಕ್ಕ ಒಟ್ಟಿಗೇ ಸಾಗಬೇಕು. ನನ್ನ ಲ್ಯಾಪ್‌ಟಾಪ್ ಸೋತದ್ದು ಅಲ್ಲಿ.

ಬಿಚ್ಚುವ ಯಂತ್ರಾಂಶಕ್ಕೂ ಮಿತಿ ಉಂಟು. ಇಂಟೆಲ್ ತನ್ನ ಕ್ವಿಕ್ ಸಿಂಕ್ ಎಂಬ ಸೌಲಭ್ಯವನ್ನು ತಂದದ್ದು 2011ರಲ್ಲಿ, ಆಗ ಎಚ್.265 ಇನ್ನೂ ಹುಟ್ಟಿರಲಿಲ್ಲ. ಬಣ್ಣದ ಹೆಚ್ಚಿನ ಸೂಕ್ಷ್ಮತೆ ಇರುವ 10 ಬಿಟ್‌ನ ಎಚ್.265 ಅನ್ನು ಪೂರ್ಣವಾಗಿ ಬಿಚ್ಚುವ ಶಕ್ತಿ ಇಂಟೆಲ್ ಪ್ರೊಸೆಸರ್‌ಗಳಿಗೆ ಬಂದದ್ದು ಏಳನೇ ಪೀಳಿಗೆಯಲ್ಲಿ. ಅದಕ್ಕಿಂತ ಹಳೆಯ ಲ್ಯಾಪ್‌ಟಾಪ್‌ಗೆ ಐಫೋನ್‌ನ ಎಚ್‌ಡಿಆರ್ (ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ, 10 ಬಿಟ್‌ನ) ವಿಡಿಯೊ ಹಾಕಿದರೆ ಇಡೀ ಭಾರ ಪ್ರೊಸೆಸರ್‌ನ ಹೆಗಲಿಗೇ ಬೀಳುತ್ತದೆ.

ತಡಮಾಡುತ್ತಿರುವವರನ್ನು ಕಂಡುಹಿಡಿಯುವುದು

ಯಾವುದನ್ನೂ ಬದಲಾಯಿಸುವ ಮೊದಲು ಐದು ನಿಮಿಷ ಕೊಟ್ಟು ನೋಡುವುದು ಒಳ್ಳೆಯದು. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗವನ್ನು ಪರದೆಯ ಒಂದು ಬದಿಗೆ ಇಟ್ಟುಕೊಳ್ಳಿ. ಎಡಿಟಿಂಗ್ ತಂತ್ರಾಂಶದಲ್ಲಿ ವಿಡಿಯೊವನ್ನು ಓಡಿಸಿ. ಯಾವ ಗೆರೆ ಛಾವಣಿ ಮುಟ್ಟುತ್ತದೆ ಎಂಬುದನ್ನು ಗಮನಿಸಿ.

ಸಿಪಿಯು, ಅಂದರೆ ಪ್ರೊಸೆಸರ್‌ನ ಗೆರೆ ನೂರಕ್ಕೆ ಏರಿದ್ದರೆ, ಜಿಪಿಯು (ಗ್ರಾಫಿಕ್ಸ್ ಚಿಪ್) ಪುಟದಲ್ಲಿ "ವಿಡಿಯೊ ಡಿಕೋಡ್" ಎಂಬ ಚಿಕ್ಕ ಗ್ರಾಫ್ ಇದೆಯೇ ಎಂದು ಹುಡುಕಿ. ಅದು ಸೊನ್ನೆಯಲ್ಲಿ ಮಲಗಿದ್ದರೆ ಮೀಸಲು ಯಂತ್ರಾಂಶ ಕೆಲಸವನ್ನೇ ಮಾಡುತ್ತಿಲ್ಲ ಎಂದರ್ಥ. ಎಡಿಟಿಂಗ್ ತಂತ್ರಾಂಶಗಳಲ್ಲಿ ಪ್ರೀಮಿಯರ್ ಪ್ರೊ ಬಳಸುವವರು ಪ್ರಿಫರೆನ್ಸಸ್‌ನ ಮೀಡಿಯಾ ಪುಟದಲ್ಲಿ, ಡಾವಿಂಚಿ ರಿಸಾಲ್ವ್ ಬಳಸುವವರು ಡಿಕೋಡ್ ಆಯ್ಕೆಗಳಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್‌ಗೆ ಗುರುತು ಬಿದ್ದಿದೆಯೇ ಎಂದು ನೋಡಬೇಕು. ಗ್ರಾಫಿಕ್ಸ್ ಡ್ರೈವರ್ ಹಳೆಯದಾಗಿದ್ದರೂ ಹೀಗಾಗುವುದುಂಟು.

ಡಿಸ್ಕ್‌ನ ಗೆರೆ ನೂರಕ್ಕೆ ಏರಿದ್ದರೆ ಉಗ್ರಾಣವೇ ನಿಧಾನ. ಮೆಮೊರಿ ತುಂಬಿದ್ದರೆ ಬ್ರೌಸರ್ ಮುಚ್ಚಿ ನೋಡಿ. 8 ಜಿಬಿ ರ‍್ಯಾಮ್‌ನಲ್ಲಿ ಎಡಿಟಿಂಗ್ ತಂತ್ರಾಂಶ ಮತ್ತು ಇಪ್ಪತ್ತು ಟ್ಯಾಬ್‌ಗಳು ಒಟ್ಟಿಗೆ ಬಾಳುವುದಿಲ್ಲ. ಎಲ್ಲ ಎಫೆಕ್ಟ್‌ಗಳನ್ನು ತೆಗೆದಾಗ ಸರಾಗವಾದರೆ ತೊಂದರೆ ಮೂರನೇ ಹಂತದ್ದು.

ತಂತ್ರಾಂಶಗಳೂ ಸುಳಿವು ಕೊಡುತ್ತವೆ. ಡಾವಿಂಚಿ ರಿಸಾಲ್ವ್‌ನ ವೀಕ್ಷಣಾ ಕಿಟಕಿಯ ಮೇಲ್ತುದಿಯಲ್ಲಿ ಓಡುತ್ತಿರುವ ಫ್ರೇಮ್‌ಗಳ ಸಂಖ್ಯೆಯೂ ಅದರ ಪಕ್ಕದಲ್ಲಿ ಒಂದು ಬಿಂದುವೂ ಕಾಣುತ್ತವೆ. ಬಿಂದು ಹಸಿರಾಗಿದ್ದರೆ ಗಡುವು ತಪ್ಪುತ್ತಿಲ್ಲ, ಕೆಂಪಾದರೆ ತಪ್ಪುತ್ತಿದೆ. ಪ್ರೀಮಿಯರ್ ಪ್ರೊ ಟೈಮ್‌ಲೈನ್‌ನ ಮೇಲೆ ಬಣ್ಣದ ಪಟ್ಟಿ ಎಳೆಯುತ್ತದೆ. ಕೆಂಪು ಪಟ್ಟಿ ಇರುವ ಜಾಗವನ್ನು ಪೂರ್ಣ ವೇಗದಲ್ಲಿ ಓಡಿಸಲು ಮೊದಲೇ ರೆಂಡರ್ ಮಾಡಬೇಕಾಗಬಹುದು, ಅಂದರೆ ಅಲ್ಲಿನ ಫ್ರೇಮ್‌ಗಳನ್ನು ಮುಂಚಿತವಾಗಿ ಸಿದ್ಧಪಡಿಸಿ ಉಳಿಸಿಕೊಳ್ಳಬೇಕಾಗಬಹುದು ಎಂಬ ಸೂಚನೆ ಅದು.

ಇನ್ನೊಂದು ಸುಲಭದ ಪ್ರಯೋಗ, ವೀಕ್ಷಣೆಯ ಸ್ಪಷ್ಟತೆಯನ್ನು ತಗ್ಗಿಸುವುದು. ಬಹುತೇಕ ತಂತ್ರಾಂಶಗಳಲ್ಲಿ ಪೂರ್ಣ, ಅರ್ಧ, ಕಾಲು ಎಂಬ ಆಯ್ಕೆಗಳಿರುತ್ತವೆ. ಅರ್ಧ ಎಂದರೆ ಉದ್ದ ಅಗಲ ಎರಡೂ ಅರ್ಧ, ಅಂದರೆ ಚುಕ್ಕೆಗಳು ಕಾಲುಭಾಗ. ಎಫೆಕ್ಟ್‌ಗಳ ಭಾರ ಗಣನೀಯವಾಗಿ ಇಳಿಯುತ್ತದೆ, ಅಂತಿಮ ಫೈಲ್‌ಗೆ ಏನೂ ಆಗುವುದಿಲ್ಲ. ಆದರೆ ಇದನ್ನು ಕಾಲಿಗೆ ಇಳಿಸಿದರೂ ಜರ್ಕ್ ಹೋಗಲಿಲ್ಲ ಎಂದು ಕೈಚೆಲ್ಲುವವರಿದ್ದಾರೆ. ಅದಕ್ಕೂ ಕಾರಣ ಹಾಲಿನ ಲೆಕ್ಕವೇ. ಚಿತ್ರವನ್ನು ಚಿಕ್ಕದಾಗಿ ತೋರಿಸಬೇಕೆಂದರೂ ಎಚ್.264, ಎಚ್.265 ಫ್ರೇಮನ್ನು ಮೊದಲು ಪೂರ್ಣ ಗಾತ್ರದಲ್ಲಿ ಬಿಚ್ಚಲೇಬೇಕು. ಇಲ್ಲಿ ಸ್ಪಷ್ಟತೆ ತಗ್ಗಿಸಿಯೂ ಪ್ರಯೋಜನವಾಗದಿದ್ದರೆ ಅಡ್ಡಿ ಇರುವುದು ಬಿಚ್ಚುವುದರಲ್ಲೇ ಎಂಬ ಗುಮಾನಿ ಬಲವಾಗುತ್ತದೆ.

ಪ್ರಾಕ್ಸಿ: ಅಭ್ಯಾಸಕ್ಕೊಂದು, ವೇದಿಕೆಗೊಂದು

ಆ ರಾತ್ರಿ ಲ್ಯಾಪ್‌ಟಾಪ್ ಮಾಡಿದ ಕೆಲಸ ಪ್ರಾಕ್ಸಿ ತಯಾರಿಕೆ. ಪ್ರಾಕ್ಸಿ ಎಂದರೆ ಮೂಲ ವಿಡಿಯೊದ ಬದಲಿಗೆ ಎಡಿಟಿಂಗ್ ವೇಳೆಗಷ್ಟೇ ಬಳಸುವ ಹಗುರ ಪ್ರತಿ. ನೃತ್ಯ ಕಲಿಯುವವರು ದಿನನಿತ್ಯದ ಅಭ್ಯಾಸಕ್ಕೆ ಹತ್ತಿಯ ಸೀರೆಯನ್ನು ಎತ್ತಿ ಕಟ್ಟಿಕೊಂಡು ಬರುತ್ತಾರೆ. ರೇಷ್ಮೆಯ ವೇಷ, ಆಭರಣ, ಪ್ರಸಾಧನವೆಲ್ಲ ವೇದಿಕೆಯ ದಿನಕ್ಕೆ. ಹೆಜ್ಜೆಗಳು ಎರಡರಲ್ಲೂ ಒಂದೇ. ಪ್ರಾಕ್ಸಿಯ ಮೇಲೆ ನಾವು ಮಾಡಿದ ಕಟ್‌ಗಳೆಲ್ಲ ಎಕ್ಸ್‌ಪೋರ್ಟ್ ವೇಳೆ ಮೂಲ ವಿಡಿಯೊಗೇ ಅನ್ವಯವಾಗುತ್ತವೆ. ಹೀಗಾಗಿ ಅಂತಿಮ ಗುಣಮಟ್ಟದಲ್ಲಿ ಕಿಂಚಿತ್ತೂ ಇಳಿತ ಇರದು.

ಪ್ರಾಕ್ಸಿಯಲ್ಲಿ ಎರಡು ಬದಲಾವಣೆ ಮಾಡಬಹುದು. ಒಂದು, ಚಿತ್ರದ ಗಾತ್ರ ಇಳಿಸುವುದು. 4ಕೆಯಿಂದ 1080ಕ್ಕೆ, ಅಂದರೆ ಉದ್ದಕ್ಕೆ 1080 ಚುಕ್ಕೆಗಳಿಗೆ, ಇಳಿದರೆ ಚುಕ್ಕೆಗಳು ನಾಲ್ಕನೇ ಒಂದು ಭಾಗವಾಗುತ್ತವೆ. ಎರಡನೆಯದು ಇದಕ್ಕಿಂತ ಮುಖ್ಯ: ಕೋಡೆಕ್ ಬದಲಾಯಿಸುವುದು. ಆಪಲ್ 2007ರಲ್ಲಿ ತಂದ ಪ್ರೊರೆಸ್, ಅವಿಡ್ ಸಂಸ್ಥೆಯ ಡಿಎನ್‌ಎಕ್ಸ್‌ಎಚ್‌ಡಿ ಇವೆಲ್ಲ ಎಡಿಟಿಂಗ್‌ಗೆಂದೇ ಹುಟ್ಟಿದವು. ಇವು ಹಾಲಿನ ಲೆಕ್ಕವನ್ನು ಪ್ರತಿ ಚೌಕದಲ್ಲೂ ಪೂರ್ತಿ ಬರೆಯುತ್ತವೆ. 17ನೇ ತಾರೀಖು ಬೇಕೆಂದರೆ 17ರ ಚೌಕವನ್ನು ನೋಡಿದರೆ ಮುಗಿಯಿತು. ಹಿಂದಕ್ಕೆ ಎಳೆದರೂ, ನಡುವೆ ನೆಗೆದರೂ ಕಂಪ್ಯೂಟರ್‌ಗೆ ಎಲ್ಲವೂ ಒಂದೇ.

ಇದರಲ್ಲಿ ನನ್ನನ್ನು ಮೊದಲ ಬಾರಿ ಬೆರಗುಗೊಳಿಸಿದ ಸಂಗತಿಯೊಂದಿದೆ. 4ಕೆ, 30 ಫ್ರೇಮ್‌ಗಳ ಐಫೋನ್ ವಿಡಿಯೊ ನಿಮಿಷಕ್ಕೆ ಸುಮಾರು 170 ಎಂಬಿ. ಅದನ್ನು 1080ಕ್ಕೆ ಇಳಿಸಿ, ಪ್ರೊರೆಸ್‌ನಲ್ಲೇ ಅತಿ ಹಗುರವಾದ ಪ್ರೊರೆಸ್ ಪ್ರಾಕ್ಸಿ ಬಗೆಯಲ್ಲಿ ತಯಾರಿಸಿದರೆ ನಿಮಿಷಕ್ಕೆ ಸುಮಾರು 340 ಎಂಬಿ ಆಗುತ್ತದೆ. ಹಗುರ ಎಂದು ಕರೆಯುವ ಪ್ರತಿ ಮೂಲಕ್ಕಿಂತ ಎರಡು ಪಟ್ಟು ದೊಡ್ಡದು! ಆದರೂ ಸರಾಗವಾಗಿ ಓಡುವುದು ಅದೇ. ಫೈಲ್‌ನ ಗಾತ್ರ ಬೇರೆ, ಕಂಪ್ಯೂಟರ್‌ಗೆ ಆಗುವ ಭಾರ ಬೇರೆ. ಹಿಂಡಿದಷ್ಟೂ ಫೈಲ್ ಚಿಕ್ಕದಾಗುತ್ತದೆ, ಬಿಚ್ಚುವ ಶ್ರಮ ಹೆಚ್ಚುತ್ತದೆ. ವಿಡಿಯೊ ತೊಡರುತ್ತಿದೆ ಎಂದು ಅದನ್ನು ಎಚ್.265ಗೆ ಬದಲಾಯಿಸಿ ಇನ್ನಷ್ಟು ಚಿಕ್ಕದು ಮಾಡಲು ಹೊರಟರೆ ಕಷ್ಟ ಹೆಚ್ಚಾಗುವುದು ಇದರಿಂದಲೇ.

ಗಂಟೆಗೆ 20 ಜಿಬಿಯಷ್ಟು ಜಾಗ ಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಪ್ರಾಕ್ಸಿಗಳನ್ನು ನಿಶ್ಚಿಂತೆಯಿಂದ ಅಳಿಸಬಹುದು. ಮೂಲ ಫೈಲ್‌ಗಳನ್ನು ಮಾತ್ರ ಮುಟ್ಟಬೇಡಿ, ಅವುಗಳ ಹೆಸರನ್ನಾಗಲಿ ಫೋಲ್ಡರನ್ನಾಗಲಿ ಎಡಿಟಿಂಗ್ ನಡುವೆ ಬದಲಾಯಿಸಬೇಡಿ.

ಡಾವಿಂಚಿ ರಿಸಾಲ್ವ್‌ನಲ್ಲಿ ವಿಡಿಯೊಗಳನ್ನು ಆಯ್ದು ಬಲಗುಂಡಿ ಒತ್ತಿದರೆ ಪ್ರಾಕ್ಸಿ ತಯಾರಿಸುವ ಆಯ್ಕೆ ಸಿಗುತ್ತದೆ. ಪ್ರೀಮಿಯರ್ ಪ್ರೊದಲ್ಲೂ ಬಲಗುಂಡಿಯ ಪಟ್ಟಿಯಲ್ಲೇ ಪ್ರಾಕ್ಸಿ ಎಂಬ ಸಾಲು ಇದೆ. ಉಚಿತವಾಗಿ ಸಿಗುವ ಕೆಡೆನ್‌ಲೈವ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲೂ, ಶಾಟ್‌ಕಟ್‌ನಲ್ಲಿ ಸೆಟ್ಟಿಂಗ್ಸ್ ಪಟ್ಟಿಯಲ್ಲೂ ಪ್ರಾಕ್ಸಿಗೆ ಗುರುತು ಹಾಕಬಹುದು. ತಯಾರಿಕೆಗೆ ಹೊತ್ತು ಹಿಡಿಯುತ್ತದೆ. ರಾತ್ರಿ ಹಚ್ಚಿ ಮಲಗುವುದೇ ವಾಸಿ. ಲ್ಯಾಪ್‌ಟಾಪ್ ನಿದ್ರೆಗೆ ಜಾರದಂತೆ ನೋಡಿಕೊಂಡರೆ ಆಯಿತು.

ಉಗ್ರಾಣ, ಬಿಸಿ, ಚಾರ್ಜರ್

ಡಿಸ್ಕ್ ಬಗ್ಗೆ ಜನ ಅನಗತ್ಯವಾಗಿ ತಲೆಕೆಡಿಸಿಕೊಳ್ಳುತ್ತಾರೆ ಎನ್ನುವುದು ನನ್ನ ಅನುಭವ. ಮೊಬೈಲ್ ವಿಡಿಯೊಗೆ ಸೆಕೆಂಡಿಗೆ 3ರಿಂದ 7 ಎಂಬಿ ಸಾಕು. ಹಳೆಯ ಹಾರ್ಡ್ ಡಿಸ್ಕ್ ಕೂಡ ಒಂದೇ ಸಾಲಿನಲ್ಲಿ ಓದುವಾಗ ಸೆಕೆಂಡಿಗೆ 100 ಎಂಬಿಯ ಆಸುಪಾಸು ಕೊಡುತ್ತದೆ. ಆದರೂ ಮೂರು ಸಂದರ್ಭಗಳಲ್ಲಿ ಉಗ್ರಾಣವೇ ತೊಡಕಾಗುತ್ತದೆ. ಮೆಮೊರಿ ಕಾರ್ಡ್ ಅಥವಾ ಪೆನ್‌ಡ್ರೈವ್‌ನಿಂದಲೇ ನೇರವಾಗಿ ಎಡಿಟ್ ಮಾಡಿದಾಗ, ಅನೇಕ ಫೈಲ್‌ಗಳನ್ನು ಒಟ್ಟಿಗೆ ಓಡಿಸಿ ಹಾರ್ಡ್ ಡಿಸ್ಕ್‌ನ ಓದುಮುಳ್ಳು ಅತ್ತಿಂದಿತ್ತ ಓಡಾಡುವಂತಾದಾಗ, ಮತ್ತು ಫೈಲ್ ನಮ್ಮ ಕಂಪ್ಯೂಟರ್‌ನಲ್ಲೇ ಇದೆ ಎಂದು ತೋರುತ್ತಿದ್ದರೂ ನಿಜವಾಗಿ ಕ್ಲೌಡ್‌ನಲ್ಲಿ ಉಳಿದಿದ್ದಾಗ. ಮೊದಲು ಎಲ್ಲವನ್ನೂ ಕಂಪ್ಯೂಟರ್ ಒಳಗಿನ ಎಸ್‌ಎಸ್‌ಡಿಗೆ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ನಕಲಿಸಿಕೊಳ್ಳುವುದು ಈ ಮೂರಕ್ಕೂ ಮದ್ದು.

ಲ್ಯಾಪ್‌ಟಾಪ್‌ನಲ್ಲಿ ಎಡಿಟ್ ಮಾಡುವವರು ಚಾರ್ಜರ್ ಹಾಕಿಕೊಂಡೇ ಕೂರಬೇಕು. ಬ್ಯಾಟರಿಯಲ್ಲಿ ಓಡುವಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬಿಸಿ ಏರಿದಾಗಲೂ ಅಷ್ಟೇ. ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ತೊಡರತೊಡಗಿದರೆ ಬಿಸಿಯನ್ನು ಅನುಮಾನಿಸಿ. ಹಾಸಿಗೆಯ ಮೇಲೆ ಇಟ್ಟ ಲ್ಯಾಪ್‌ಟಾಪ್‌ನ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಗಟ್ಟಿ ಮೇಜಿನ ಮೇಲಿಟ್ಟು, ಫ್ಯಾನ್‌ನ ಧೂಳು ತೆಗೆಸಿದರೆ ಅಂತರ ಕಾಣುತ್ತದೆ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ತಂತ್ರಾಂಶ ದುರ್ಬಲವಾದುದನ್ನು ಹಿಡಿದುಕೊಂಡು ಕೂತಿರುವುದುಂಟು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಗ್ರಾಫಿಕ್ಸ್ ಪುಟದಲ್ಲಿ ಆ ತಂತ್ರಾಂಶಕ್ಕೆ ಹೆಚ್ಚು ಶಕ್ತಿಯ ಚಿಪ್ ಎಂದು ನಿಗದಿ ಮಾಡಬಹುದು.

ಎಫೆಕ್ಟ್‌ಗಳ ಬಗ್ಗೆ ಒಂದೇ ಮಾತು. ಅಲುಗಾಟ ಸರಿಪಡಿಸುವ ಸ್ಟೆಬಿಲೈಸೇಶನ್ ಮತ್ತು ಕತ್ತಲೆಯ ದೃಶ್ಯದ ಕಾಳುಕಾಳನ್ನು ತೆಗೆಯುವ ನಾಯ್ಸ್ ರಿಡಕ್ಷನ್, ಇವೆರಡೂ ಭಾರಿ ತೂಕದವು. ಕಟ್‌ಗಳೆಲ್ಲ ಮುಗಿದ ಮೇಲೆ ಕೊನೆಗೆ ಹಾಕಿ. ಆಗಲೂ ಆ ಜಾಗ ತೊಡರಿದರೆ ಅಷ್ಟು ಭಾಗವನ್ನು ಮಾತ್ರ ಮುಂಚಿತವಾಗಿ ರೆಂಡರ್ ಮಾಡಿಕೊಂಡು ನೋಡಬಹುದು.

ಎಕ್ಸ್‌ಪೋರ್ಟ್ ಆದ ಮೇಲೂ ತೊಡರಿದರೆ

ಇದು ಬೇರೆಯೇ ರೋಗ. ಇಲ್ಲಿಯವರೆಗೆ ಹೇಳಿದ್ದು ಎಡಿಟಿಂಗ್ ವೇಳೆಯ ತೊಡರು. ಅಂತಿಮ ಫೈಲ್‌ನಲ್ಲೂ ಅದು ಇದ್ದರೆ ಹೊಸ ಕಂಪ್ಯೂಟರ್ ಕೂಡ ನೆರವಿಗೆ ಬಾರದು. ಹೆಚ್ಚಾಗಿ ಕಾರಣ ಫ್ರೇಮ್‌ಗಳ ಎಣಿಕೆ ಹೊಂದದಿರುವುದು.

ಭಾರತದ ಟಿವಿ ಪದ್ಧತಿ ಸೆಕೆಂಡಿಗೆ 25 ಫ್ರೇಮ್‌ಗಳದು. ಆದ್ದರಿಂದ ಎಡಿಟಿಂಗ್ ತಿಳಿದವರು ಟೈಮ್‌ಲೈನನ್ನು 25ಕ್ಕೆ ಇಡಿ ಎಂದು ಹೇಳಿಕೊಡುವುದುಂಟು. ಮೊಬೈಲ್ ತೆಗೆದದ್ದು 30. ಮೂವತ್ತನ್ನು ಇಪ್ಪತ್ತೈದಕ್ಕೆ ತುರುಕಲು ತಂತ್ರಾಂಶ ಪ್ರತಿ ಆರನೆಯ ಫ್ರೇಮನ್ನು ಎಸೆಯುತ್ತದೆ. ಸೆಕೆಂಡಿಗೆ ಐದು ಸಲ ಚಿಕ್ಕ ನೆಗೆತ. ನಿಂತು ಮಾತನಾಡುವವರಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ತೇರು ಎಳೆಯುವಾಗ ಕ್ಯಾಮೆರಾವನ್ನು ಅಡ್ಡಕ್ಕೆ ತಿರುಗಿಸಿದ ದೃಶ್ಯದಲ್ಲಿ ತೇರು ನಡುಗುತ್ತ ಸಾಗಿದಂತೆ ಕಾಣುತ್ತದೆ. ಪರಿಹಾರ ಸುಲಭ: ಮೊಬೈಲ್ ವಿಡಿಯೊಗಳೇ ಹೆಚ್ಚಿದ್ದರೆ ಟೈಮ್‌ಲೈನನ್ನೂ 30ಕ್ಕೆ ಇಡಿ. ಮೊದಲ ವಿಡಿಯೊ ಸೇರಿಸುವಾಗ ಡಾವಿಂಚಿ ರಿಸಾಲ್ವ್ ಎಣಿಕೆ ಬದಲಾಯಿಸಬೇಕೇ ಎಂದು ತಾನಾಗಿಯೇ ಕೇಳುತ್ತದೆ. ಓದದೆ ಮುಚ್ಚಬಾರದ ಪ್ರಶ್ನೆ ಅದು, ಏಕೆಂದರೆ ದೃಶ್ಯಗಳು ಒಳಬಂದ ಮೇಲೆ ಆ ಎಣಿಕೆಯನ್ನು ಬದಲಾಯಿಸುವುದು ಕಷ್ಟ.

ಇದರ ಸೋದರಸಂಬಂಧಿ ಇನ್ನೊಂದಿದೆ. ಮೊಬೈಲ್ 30 ಎಂದು ಹೇಳಿದರೂ ಪ್ರತಿ ಸೆಕೆಂಡಿಗೂ ಕರಾರುವಾಕ್ಕಾಗಿ 30 ತೆಗೆಯುವುದಿಲ್ಲ. ಬೆಳಕು ಕಡಿಮೆಯಾದರೆ ಪ್ರತಿ ಫ್ರೇಮ್‌ಗೆ ಹೆಚ್ಚು ಬೆಳಕು ಸಿಗಲೆಂದು ವೇಗ ತಗ್ಗಿಸುತ್ತದೆ, ಬೆಳಕು ಬಂದಾಗ ಏರಿಸುತ್ತದೆ. ಹೀಗೆ ಏರಿಳಿಯುವ ಎಣಿಕೆಯನ್ನು ವೇರಿಯಬಲ್ ಫ್ರೇಮ್ ರೇಟ್ ಎನ್ನುತ್ತಾರೆ. ಪ್ಲೇಯರ್‌ಗಳಿಗೆ ಇದು ಸಮಸ್ಯೆಯಲ್ಲ. ಸಮ ಅಂತರದ ಫ್ರೇಮ್‌ಗಳನ್ನು ನಿರೀಕ್ಷಿಸುವ ಎಡಿಟಿಂಗ್ ತಂತ್ರಾಂಶಗಳು ಕೆಲವೊಮ್ಮೆ ಎಡವುತ್ತವೆ. ಗುರುತಿಸುವುದು ಹೀಗೆ: ಆರಂಭದಲ್ಲಿ ತುಟಿಗೂ ಮಾತಿಗೂ ಹೊಂದಿಕೆ ಇದ್ದು, ಹದಿನೈದು ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ, ಇಲ್ಲವೇ ಹಿಂದೆ ಬಿದ್ದಿರುತ್ತದೆ. ನೃತ್ಯದಲ್ಲಿ ಇದನ್ನು ಮರೆಮಾಚಲಾಗದು. ಪಾದ ನೆಲಕ್ಕೆ ಬಡಿದ ಮೇಲೆ ತಾಳ ಕೇಳಿಸುತ್ತದೆ.

ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆದರೆ ಫ್ರೇಮ್ ಎಣಿಕೆ ಸ್ಥಿರವೇ ಅಸ್ಥಿರವೇ ಎಂಬುದು ಬರಹದಲ್ಲೇ ಕಾಣುತ್ತದೆ. ಅಸ್ಥಿರವಾಗಿದ್ದರೆ ಹ್ಯಾಂಡ್‌ಬ್ರೇಕ್ ಎಂಬ, ಅದೂ ಉಚಿತವಾದ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ರೇಟ್ ಆಯ್ದುಕೊಂಡು ಹೊಸ ಪ್ರತಿ ಮಾಡಿ. ಅದು ವಿಡಿಯೊವನ್ನು ಮತ್ತೊಮ್ಮೆ ಹಿಂಡುವುದರಿಂದ ಗುಣಮಟ್ಟದ ಅಂಕಿಯನ್ನು 18ರ ಹತ್ತಿರ ಇಡುವುದು ಕ್ಷೇಮ. ಅಲ್ಲಿ ಅಂಕಿ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು. ಈ ಕೆಲಸ ಎಡಿಟಿಂಗ್ ಶುರುಮಾಡುವ ಮೊದಲೇ ಆಗಬೇಕು.

ಮುಂದಿನ ಸಮಾರಂಭಕ್ಕೆ ಮುನ್ನ

ತೊಂದರೆಯ ಅರ್ಧಪಾಲು ರೆಕಾರ್ಡ್ ಗುಂಡಿ ಒತ್ತುವ ಮೊದಲೇ ನಿರ್ಧಾರವಾಗಿರುತ್ತದೆ. ಐಫೋನ್‌ನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಫಾರ್ಮ್ಯಾಟ್ ಎಂಬಲ್ಲಿ "ಹೈ ಎಫಿಶಿಯೆನ್ಸಿ" ಮತ್ತು "ಮೋಸ್ಟ್ ಕಂಪ್ಯಾಟಿಬಲ್" ಎಂಬ ಎರಡು ಆಯ್ಕೆಗಳಿವೆ. ಮೊದಲನೆಯದು ಎಚ್.265, ಎರಡನೆಯದು ಎಚ್.264. ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ಎರಡನೆಯದೇ ಹಿತ, ಜಾಗ ಹೆಚ್ಚು ಹಿಡಿದರೂ ಸರಿ. ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲೂ ಇದೇ ಬಗೆಯ ಆಯ್ಕೆ ಇರುತ್ತದೆ. ಕೊನೆಗೆ ಮನೆಯ ಟಿವಿಯಲ್ಲೋ ಮೊಬೈಲ್‌ನಲ್ಲೋ ನೋಡುವ ವಿಡಿಯೊ ಆಗಿದ್ದರೆ 1080ರಲ್ಲೇ ತೆಗೆಯಬಹುದು. ಮುಂದೆ ದೃಶ್ಯವನ್ನು ಹಿಗ್ಗಿಸಿ ಕತ್ತರಿಸುವ ಉದ್ದೇಶ ಇದ್ದಾಗ 4ಕೆ ಇರಲಿ. ನಿಧಾನಗತಿಯಲ್ಲಿ ತೋರಿಸುವ ಆಲೋಚನೆ ಇಲ್ಲದಿದ್ದರೆ 60ರ ಬದಲು 30 ಸಾಕು. ಎಚ್‌ಡಿಆರ್ ಬೇಕೆಂದು ಖಚಿತವಾಗಿ ತಿಳಿದಿಲ್ಲದವರು ಅದನ್ನು ಆಫ್ ಮಾಡಿಡಬಹುದು.

ಹಲವರು ಒಟ್ಟಿಗೆ ಚಿತ್ರೀಕರಿಸುವುದಾದರೆ ಎಲ್ಲರ ಮೊಬೈಲ್‌ನಲ್ಲೂ ಈ ಸಂಖ್ಯೆಗಳು ಒಂದೇ ಇರಲಿ. ಅಕ್ಕನ ಮನೆಯ ಸಮಾರಂಭದಲ್ಲಿ ಒಂದು ಮೊಬೈಲ್ 60ರಲ್ಲಿಯೂ ಎರಡು 30ರಲ್ಲಿಯೂ ಇದ್ದವು. ಆಮೇಲೆ ವಿಡಿಯೊ ಪಡೆಯುವಾಗ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ವಿಡಿಯೊವಾಗಿ ಕಳಿಸಿಕೊಳ್ಳಬೇಡಿ, ಅದು ದಾರಿಯಲ್ಲೇ ಇನ್ನೊಮ್ಮೆ ಹಿಂಡಿಬಿಡುತ್ತದೆ. ಕೇಬಲ್ ಸಿಕ್ಕಿಸಿ ನಕಲಿಸಿಕೊಳ್ಳಿ; ದೂರದಲ್ಲಿರುವವರು ಡಾಕ್ಯುಮೆಂಟ್ ರೂಪದಲ್ಲಿ ಕಳಿಸಲಿ. ಬಂದ ಫೈಲ್‌ಗಳನ್ನು ಒಂದು ಫೋಲ್ಡರ್‌ಗೆ ಹಾಕಿ, ಅದರ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿಟ್ಟು, ಆ ರಾತ್ರಿಯೇ ಪ್ರಾಕ್ಸಿಗೆ ಹಚ್ಚಿದರೆ ಬೆಳಿಗ್ಗೆ ಕಾಫಿಯ ಹೊತ್ತಿಗೆ ಕತ್ತರಿ ಹಿಡಿದು ಕೂರಬಹುದು.